ಸಾಕ್ಷಿ ಕೇಳುವ ಮುಖ

ಜನವರಿ 11

ಕತ್ತಲೆಕೋಣೆ ಪುಟ ನಡೆಸುವವರಿಗೆ,

"ಸ್ಟಿಕರ್ ಬೇಕಾದವರು ಸ್ಟಾಂಪ್ ಹಚ್ಚಿದ ಕವರ್ ಕಳಿಸಿ" ಅಂತ ನಿಮ್ಮ ಪುಟದಲ್ಲಿ ಈ ವಿಳಾಸ ಕೊಟ್ಟಿದ್ದೀರಿ. ಕವರ್ ಇಟ್ಟಿದ್ದೀನಿ. ಆದರೆ ನನಗೆ ಸ್ಟಿಕರ್ ಬೇಡ, ಉತ್ತರ ಬೇಕು.

ಮೊನ್ನೆ ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ನನ್ನ ಮಗ "ಇವತ್ತು ಪಾತ್ರೆ ಎಲ್ಲಾ ನಾನೇ ತೊಳೆದೆ" ಅಂತ ಹಾಕಿದ. ಅದಕ್ಕೆ ಮೊಮ್ಮಗ ಒಂದು ಮುಖ ಕಳಿಸಿದ. ಗಡ್ಡ, ತಲೆಗೆ ಸುತ್ತಿದ ಬಟ್ಟೆ, ಒಂದು ಹುಬ್ಬು ಮಾತ್ರ ಮೇಲಕ್ಕೆ. ಕೆಳಗೆ "ಸಾಕ್ಷಿ ಎಲ್ಲಿ?" ಅಂತ ಬರೆದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ಆ ಚಿತ್ರ ನಿಮಗೆ ಎಲ್ಲಿ ಸಿಕ್ಕಿತು? ಯಾರನ್ನು ಕೇಳಿ ಹಾಕಿದಿರಿ? ಆ ಮನುಷ್ಯ ನಗೆಪಾಟಲಾಗೋಕೆ ಹುಟ್ಟಿದವರಲ್ಲ. ದಯವಿಟ್ಟು ತೆಗೆದುಬಿಡಿ.

ಇಂತಿ,
ಒಬ್ಬ ಹಿರಿಯಳು


ಜನವರಿ 20

ಮೇಡಂ, ನಮಸ್ತೆ ನಮಸ್ತೆ!

ನನ್ನ ಜೀವನದಲ್ಲಿ ನಂಗೆ ಬಂದ ಮೊದಲ ಕಾಗದ ನಿಮ್ಮದು. ಸೀರಿಯಸ್ಸಾಗಿ. ಬ್ಯಾಂಕಿನವರು ಬಿಟ್ರೆ ಯಾರೂ ಬರೆದಿಲ್ಲ. ಮೂರು ಸಲ ಓದಿ, ಫೋಟೋ ತೆಗೆದು ಫ್ರೆಂಡ್ಸಿಗೆ ಕಳಿಸಿಬಿಟ್ಟೆ (ನಿಮ್ಮ ವಿಳಾಸ ಮುಚ್ಚಿ, ಟೆನ್ಷನ್ ಬೇಡ). ಪೆನ್ನಲ್ಲಿ ಬರೆದು ಅಭ್ಯಾಸ ಇಲ್ಲ, ಅಳಿಸೋಕೂ ಆಗ್ತಿಲ್ಲ, ಗೀಚಿದ್ದೆಲ್ಲ ಹಾಗೇ ಬಿಟ್ಟಿದ್ದೀನಿ. ನೀವು ಓದಿದ್ರಾ ಇಲ್ವಾ ಅಂತ ನೀಲಿ ಟಿಕ್ ಕೂಡ ಬರಲ್ಲ. ಹಿಂದಿನವರು ಇದನ್ನ ಹೇಗೆ ತಡ್ಕೊಂಡಿದ್ರೋ!

ನಿಮ್ಮ ಸಿಟ್ಟು ನಂಗೆ ಅರ್ಥ ಆಯ್ತು. ನೀವೂ ಆ ಸ್ಟಿಕರ್‌ನಲ್ಲಿರೋ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಅವರ ಅಭಿಮಾನಿ, ಅಲ್ವಾ? ಅಂಥ ದೊಡ್ಡವರನ್ನ ಸ್ಟಿಕರ್ ಮಾಡಿ ಕುಣಿಸ್ತಿದ್ದಾರಲ್ಲ ಅಂತ ಬೇಜಾರು. ಮೇಡಂ, ಒಂದು ನಿಮಿಷ ನನ್ನ ಮಾತೂ ಕೇಳಿ.

ನಮ್ಮ ವಯಸ್ಸಿನವರಿಗೆ ಅವರು ಯಾರಂತಾನೇ ಗೊತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ದೊಡ್ಡ ದೊಡ್ಡ ಪಂಡಿತರೇ "ಕಣ್ಣಿಂದ ಕಿರಣ ಹೊರಟು ವಸ್ತುವನ್ನ ಮುಟ್ಟುತ್ತೆ, ಅದಕ್ಕೇ ಕಾಣಿಸುತ್ತೆ" ಅಂತಿದ್ರಂತೆ. ನಮ್ಮ ಬಾಸ್ (ನಾನು ಹಾಗೇ ಕರೆಯೋದು) ಒಪ್ಪಲಿಲ್ಲ. ಬೆಳಕು ವಸ್ತುವಿಂದ ನಮ್ಮ ಕಣ್ಣಿಗೆ ಬರುತ್ತೆ, ನಾವು ಇಸ್ಕೊಳ್ಳೋರು ಅಷ್ಟೇ ಅಂದ್ರು. ಬರೀ ಅಂದಿದ್ದಲ್ಲ, ಮಾಡಿ ತೋರಿಸಿದ್ರು. ಕತ್ತಲೆ ಕೋಣೆ, ಒಂದು ಸಣ್ಣ ತೂತು, ಹೊರಗೆ ಸಾಲಾಗಿ ದೀಪಗಳು. ಒಳಗೆ ಗೋಡೆ ಮೇಲೆ ಅಷ್ಟೇ ಬೆಳಕಿನ ಚುಕ್ಕೆ. ಯಾವ ದೀಪ ಮುಚ್ಚಿದ್ರೋ ಅದೇ ಚುಕ್ಕೆ ಮಾಯ, ತೆಗೆದ್ರೆ ವಾಪಸ್ ಹಾಜರ್. ಹಳಬರು ಹೇಳಿದ್ರು ಅಂತ ನಂಬಬೇಡಿ, ಪರೀಕ್ಷೆ ಮಾಡಿ ಅನ್ನೋ ಮನುಷ್ಯ! ಇವತ್ತು ಗುಂಪುಗಳಲ್ಲಿ ಸುಳ್ಳು ಫಾರ್ವರ್ಡ್ ಬಂದ ಕೂಡ್ಲೇ ಹುಡುಗರು ಅವರ ಮುಖ ಎಸೀತಾರೆ, "ಸಾಕ್ಷಿ ಎಲ್ಲಿ?" ಅಂತ. ಅವರಿಗೆ ಇದಕ್ಕಿಂತ ಮರ್ಯಾದೆ ಬೇಕಾ?

ಇನ್ನೊಂದು ಬಾಂಬ್. ಏಪ್ರಿಲ್‌ನಲ್ಲಿ ಇಲ್ಲೊಂದು ಬೆಳಕಿನ ವಸ್ತುಪ್ರದರ್ಶನ ಇದೆ. ಬಾಗಿಲಲ್ಲೇ ಆಳೆತ್ತರಕ್ಕೆ ಇದೇ ಮುಖ ಹಾಕ್ತಾರಂತೆ, ನನ್ನ ಪುಟದ ಹೆಸರಿನ ಜೊತೆ! ನಾನು ಚಿಕ್ಕಪ್ಪನ ಬ್ಯಾನರ್ ಅಂಗಡೀಲಿ ಡಿಸೈನ್ ಮಾಡೋದು. "ಅಂಗಡಿ ಇಂಕೆಲ್ಲಾ ನಿನ್ನ ಅರಬ್ ತಾತನ ಗಡ್ಡಕ್ಕೇ ಹೋಯ್ತು" ಅಂತ ಬೈತಿದ್ದವರು ಈಗ ಬಂದ ಗಿರಾಕಿಗೆಲ್ಲ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದಾರೆ.

ಚಿತ್ರ ಎಲ್ಲಿ ಸಿಕ್ತು ಅಂದ್ರಿ. ಒಂದು ಹಳೇ ಹಸ್ತಪ್ರತಿಯದ್ದು.

ಒಂದು ಹಾಳೆ ಸ್ಟಿಕರ್ ಇಟ್ಟಿದ್ದೀನಿ. ಸಿಟ್ಟು ಇಳಿದ ಮೇಲೆ ಫ್ರಿಜ್ಜಿಗೆ ಅಂಟಿಸಿ.

ನಿಮ್ಮ ಸಹ-ಅಭಿಮಾನಿ,
ಕತ್ತಲೆಕೋಣೆ


ಫೆಬ್ರವರಿ 2

ಮಗನೇ,

ನಿನ್ನ ಕಾಗದ ಓದಿ ಸಿಟ್ಟು ಮಾಡಿಕೊಳ್ಳೋಕೂ ಆಗಲಿಲ್ಲ. ಬಾಯಿ ತುಂಬಾ ಮಾತಾಡ್ತೀಯ. ನಿನ್ನ ಬಾಸ್ ಬಗ್ಗೆ ನನಗೆ ಗೊತ್ತಿದ್ದು ಅಷ್ಟಕ್ಕಷ್ಟೇ. ನಾನು ಯಾರ ಅಭಿಮಾನಿಯೂ ಅಲ್ಲ, ನಿನ್ನ ಸ್ಟಿಕರ್ ಹಾಳೆ ಇದರ ಜೊತೆ ವಾಪಸ್ ಇಟ್ಟಿದ್ದೀನಿ. ಆದರೆ ನೀನು ಹಾಕಿರೋ ಮುಖ ಅವರದ್ದಲ್ಲ. ನನ್ನ ಯಜಮಾನರದ್ದು.

ಅವರು ಫೋಟೋ ಸ್ಟುಡಿಯೋ ಇಟ್ಟಿದ್ದರು. ಹಿಂದಿನ ಬೀದಿಯಲ್ಲಿ ಒಬ್ಬ ಬೋರ್ಡ್ ಪೇಂಟರ್ ಇದ್ದ, ಇವರ ಜೀವದ ಗೆಳೆಯ. ಅವನಿಗೆ ಒಂದು ಶಾಲೆಯ ವಿಜ್ಞಾನದ ಕೋಣೆಗೆ ಗೋಡೆ ಚಿತ್ರ ಬರೆಯೋ ಕೆಲಸ ಸಿಕ್ಕಿತು. ನಿನ್ನ ಪಂಡಿತರನ್ನೇ ಬರೀಬೇಕು. ನೋಡಿ ಬರೆಯೋಣ ಅಂದ್ರೆ ಅವರ ಕಾಲದ ಚಿತ್ರ ಒಂದೂ ಇಲ್ಲವಂತೆ. "ಯಾರೂ ನೋಡಿಲ್ಲ ಅಂದ್ಮೇಲೆ ನೀನೇ ಕೂತ್ಕೋ, ಯಾರು ಬಂದು ತಕರಾರು ಮಾಡ್ತಾರೆ" ಅಂತ ಸ್ಟುಡಿಯೋದಲ್ಲೇ ಇವರನ್ನು ಕೂರಿಸಿ, ಮೊದಲು ಹಾಳೆ ಮೇಲೆ ಬರೆದುಕೊಂಡ. ತಲೆಗೆ ಸುತ್ತಿದ್ದು ನಮ್ಮ ಹಾಸಿಗೆ ಚಾದರ. ನೀಲಿ ಅಂಚು ನೋಡು, ನಾನೇ ಹೊಲಿದದ್ದು. ಗಡ್ಡ ಪೇಂಟರ್ ಅಂಟಿಸಿದ್ದು, ಅದಕ್ಕೇ ಹೆತ್ತ ಮಗನಿಗೂ ಗುರುತು ಸಿಗಲಿಲ್ಲ. ಹುಬ್ಬು ಮಾತ್ರ ಅವರದ್ದೇ. ಗಿರಾಕಿ "ನಾನು ಕಣ್ಣು ಮುಚ್ಚಿಲ್ಲ, ನಿಮ್ಮ ಕ್ಯಾಮೆರಾನೇ ಸರಿ ಇಲ್ಲ" ಅಂದಾಗ ಹಾಗೇ ಏರುತ್ತಿತ್ತು.

ವಾರಗಟ್ಟಲೆ ಹೀಗೇ ನಡೀತು. ಬಂದ ಗಿರಾಕಿಗಳು ಬಾಗಿಲು ಮುಚ್ಚಿರೋದು ನೋಡಿ ಎದುರಂಗಡಿಗೆ ಹೋದರು. ನಾನು ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಹೋಗಿ ದಿನಾ ಜಗಳ ಆಡ್ತಿದ್ದೆ. ಜಗಳಕ್ಕೆ ಅಂತಲೇ ಬಾಗಿಲು ದಬದಬ ತಟ್ಟಬೇಕು ಅಂದುಕೊಂಡು ಹೋಗ್ತಿದ್ದೆ, ಕೈ ಎತ್ತೋ ಮೊದಲೇ ತೆಗೆದುಬಿಡ್ತಿದ್ದರು. ನಾನು ಬಂದದ್ದು ಹೇಗೆ ಗೊತ್ತಾಯ್ತು ಅಂದ್ರೆ "ಗೊತ್ತಾಗುತ್ತೆ" ಅಂತ ನಗು. ಮೈಯೆಲ್ಲಾ ಉರೀತಿತ್ತು. ಚಿತ್ರ ಮುಗಿದು ಊರವರೆಲ್ಲ ಹೋಗಿ ನೋಡಿಬಂದರು. ನಾನು ಹೋಗಲಿಲ್ಲ. ಹಟ.

ಅವರು ಹೋಗಿ ನಾಲ್ಕು ವರ್ಷ ಆಯ್ತು. ಸಾವಿರಾರು ಜನರ ಮುಖ ತೆಗೆದವರ ಮುಖ ಮಾತ್ರ ನಮ್ಮ ಮನೆಯಲ್ಲಿ ಇಲ್ಲ. ಮದುವೆ ಫೋಟೋ ತಾವೇ ತೆಗೀತೀನಿ ಅಂತ ಕ್ಯಾಮೆರಾಗೆ ಟೈಮರ್ ಇಟ್ಟು ಓಡಿ ಬಂದರು. ಅದರಲ್ಲಿ ನಾನಿದ್ದೀನಿ, ನನ್ನ ಪಕ್ಕ ಒಂದು ಗಾಳಿ ನಿಂತಿದೆ. ಗುರುತಿನ ಚೀಟಿಯಲ್ಲಿರೋದು ಕಳ್ಳನ ಮುಖ. ಬೇರೆಯವರು ಕ್ಯಾಮೆರಾ ಹಿಡಿದರೆ ಅವರಿಗೆ ಆಗುತ್ತಿರಲಿಲ್ಲ.

ಈಗ ಆ ಮುಖ ಬೀದಿ ಬೀದಿಯಲ್ಲಿ ಇನ್ನೊಬ್ಬರ ಹೆಸರು ಹೊತ್ತು ನಗಿಸ್ತಾ ಓಡಾಡ್ತಿದೆ. ನಿನಗೆ ಹಸ್ತಪ್ರತಿಯಲ್ಲಿ ಸಿಕ್ಕಿತಾ? ಸಾಕ್ಷಿ ಎಲ್ಲಿ?

ಇಂತಿ,
ಸ್ಟುಡಿಯೋದವರ ಹೆಂಡತಿ


ಫೆಬ್ರವರಿ 10

ಅಜ್ಜಿ,

ಹಾಗೆ ಕರೀಬಹುದಾ? ನಿಮ್ಮ ಕೊನೇ ಸಾಲು ಓದಿ ಅಂಗಡೀಲಿ ಹಾಗೇ ಕೂತುಬಿಟ್ಟೆ. ಚಿಕ್ಕಪ್ಪ "ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದ್ರು.

ಹಸ್ತಪ್ರತಿ ಸುಳ್ಳು. ಪುಟ ಶುರು ಮಾಡಿದಾಗ ಯಾರೋ ಮೂಲ ಕೇಳಿದ್ರು. ಗೋಡೆ ಅಂದ್ರೆ ಸಪ್ಪೆ ಅನ್ಸುತ್ತೆ ಅಂತ ಬಾಯಿಗೆ ಬಂದದ್ದು ಬರೆದೆ. ಆಮೇಲೆ ಎಲ್ಲರೂ ಅದನ್ನೇ ಕಾಪಿ ಮಾಡಿದ್ರು. ಕೊನೆಗೆ ಎಷ್ಟು ಕಡೆ ಬಂತು ಅಂದ್ರೆ ನಂಗೇ ನಿಜ ಅನ್ಸೋಕೆ ಶುರುವಾಯ್ತು.

ನಿಜ ಏನಂದ್ರೆ ನಾನು ಆ ಶಾಲೇಲಿ ಒಂದು ವರ್ಷ ಓದಿದ್ದೆ. ಅಪ್ಪಂಗೆ ವರ್ಗ ಆಗಿತ್ತು. ಹೊಸಬರ ಜೊತೆ ಯಾರೂ ಸೇರ್ತಿರಲಿಲ್ಲ. ವಿಜ್ಞಾನದ ಕೋಣೇಲಿ ಆ ಗೋಡೆ ಎದುರಿಗೆ ಕೂತು ಒಬ್ಬಳೇ ಊಟ ಮಾಡ್ತಿದ್ದೆ. ಹೌದು, ಒಬ್ಬ"ಳೇ". ನೀವು ಮಗನೇ ಅಂದ್ರಿ, ನಾನು ಮಗಳು. ಪುಟದಲ್ಲಿ ಹೇಳ್ಕೊಂಡಿಲ್ಲ. ಹುಡುಗಿ ಅಂತ ಗೊತ್ತಾದ್ರೆ "ಇದೆಲ್ಲಾ ನೀನೇ ಬರೆದದ್ದಾ" ಅನ್ನೋ ಕಮೆಂಟಿಗೆ ಉತ್ತರ ಕೊಡೋದರಲ್ಲೇ ದಿನ ಮುಗಿಯುತ್ತೆ.

ಆ ಮುಖ ನನ್ನನ್ನ ನೋಡ್ತಿರಲಿಲ್ಲ. ಅವರ ಕಣ್ಣು ಗೋಡೆ ಮೇಲೆ ಬೇರೇನೋ ನೋಡ್ತಿತ್ತು, ತುಂಬಾ ಇಷ್ಟ ಆಗಿರೋದನ್ನ ನೋಡೋ ಥರ. ಬೆಳಕನ್ನ ಇಷ್ಟು ಪ್ರೀತಿಯಿಂದ ನೋಡೋ ಮನುಷ್ಯ ಯಾರಪ್ಪಾ ಅಂತ ಹುಡುಕಿದೆ. ಹಾಗೆ ನಾನು ಅಭಿಮಾನಿ ಆದದ್ದು. ಅಂದ್ರೆ ಅಜ್ಜಿ, ಮೊದಲು ನಾನು ಅಭಿಮಾನಿ ಆಗಿದ್ದು ನಿಮ್ಮ ಯಜಮಾನರಿಗೆ.

ಪುಟ ಪೂರ್ತಿ ಡಿಲೀಟ್ ಮಾಡಿದ್ದೀನಿ. ಸ್ಟಿಕರ್, ಪೋಸ್ಟ್, ಎಲ್ಲಾ. ಹಾಳೆಗಳನ್ನ, ನೀವು ವಾಪಸ್ ಕಳಿಸಿದ್ದನ್ನೂ ಸೇರಿಸಿ, ಚಿಕ್ಕಪ್ಪನ ಮುಂದೇನೇ ಹರಿದೆ. ಪ್ರದರ್ಶನದವರಿಗೆ ಏನೋ ಒಂದು ಹೇಳ್ಕೊಳ್ತೀನಿ, ಅದು ದೊಡ್ಡ ವಿಷಯ ಅಲ್ಲ. ಕ್ಷಮಿಸಿ.

ಕತ್ತಲೆಕೋಣೆ (ಈಗ ಪುಟ ಇಲ್ಲ, ಹೆಸರು ಮಾತ್ರ ಇದೆ)


ಮಾರ್ಚ್ 14

ಮಗಳೇ,

ಉತ್ತರ ಬರೆಯೋಕೆ ತಡ ಆಯ್ತು. ಏನು ಬರೀಬೇಕು ಅಂತ ಗೊತ್ತಾಗಲಿಲ್ಲ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಮೊದಲ ಕಾಗದ ಹಾಕಿದ ದಿನದಿಂದ ನಾನು ಮಧ್ಯಾಹ್ನ ಮೊಮ್ಮಗನ ಹತ್ತಿರ "ಆ ಗಡ್ಡದವರ ಪುಟ ತೆಗಿ, ಸುಮ್ಮನೆ ನೋಡೋಣ" ಅಂತಿದ್ದೆ. ಅವನು "ಅಜ್ಜಿಗೆ ವಿಜ್ಞಾನದ ಹುಚ್ಚು ಹಿಡೀತು" ಅಂತ ಅವರಮ್ಮನ ಹತ್ತಿರ ಹೇಳ್ತಿದ್ದ. ಜನ ಬರೆದದ್ದನ್ನೆಲ್ಲ ಓದಿಸಿಕೊಳ್ತಿದ್ದೆ. "ಇವರ ಎದುರಿಗೆ ಸುಳ್ಳು ಹೇಳೋಕೇ ಆಗಲ್ಲ ಗುರು" ಅಂತ ಯಾರೋ ಬರೆದಿದ್ದ. ಸರಿಯಾಗಿ ಹೇಳಿದ್ದೀಯ ಮಾರಾಯಾ ಅಂದುಕೊಂಡೆ. ನಾನೂ ಅವರ ಹತ್ತಿರ ಸುಳ್ಳು ಹೇಳಿ ಗೆದ್ದದ್ದಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಅವನು "ಅಜ್ಜಿ, ಪುಟಾನೇ ಇಲ್ಲ" ಅಂದ. ಬಿಳೀ ಪರದೆ, ಅಷ್ಟೇ. ಆಗ ಅಡುಗೆಮನೆಗೆ ಹೋಗಿ ನಿಂತವಳು ಎಷ್ಟು ಹೊತ್ತು ನಿಂತಿದ್ದೆನೋ. ಸೊಸೆ ಬಂದು ಒಲೆ ಆರಿಸಿದಳು. ಅವತ್ತೇ ಎಲ್ಲರಿಗೂ ಹೇಳಿದೆ, ಅದು ನಿಮ್ಮ ತಾತ ಅಂತ. ಮಗ ಫೋನ್ ಹಿಡಿದು ಹುಡುಕಿದ, ಹುಡುಕಿದ. ಎಲ್ಲೂ ಸಿಗಲಿಲ್ಲ. ಅವನ ಮುಖ ನೋಡೋಕಾಗಲಿಲ್ಲ.

ತೆಗೆದುಹಾಕು ಅಂತ ಕೇಳಿದ್ದು ನಾನೇ, ಮೊದಲ ದಿನವೇ ಹಟ ಮಾಡಿ ಮನೆಯವರ ಗುಂಪಿನಿಂದ, ಫೋನುಗಳಿಂದ ಆ ಸ್ಟಿಕರ್ ಅಳಿಸಿಸಿದ್ದೂ ನಾನೇ. ಆ ಶಾಲೆ ಕಟ್ಟಡ ಬೀಳಿಸಿ ಎರಡು ವರ್ಷ ಆಯ್ತು. ಪೇಂಟರೂ ಇಲ್ಲ. ನಿನ್ನ ಹತ್ತಿರ ಏನಾದರೂ ಉಳಿದಿದೆಯಾ? ಚಿಕ್ಕದಾದರೂ ಸಾಕು. ಮಸುಕಾದರೂ ಸಾಕು.

ಅಜ್ಜಿ


ಮಾರ್ಚ್ 23

ಅಜ್ಜೀ!

ಉಳಿದಿದೆ!

ಮೊದಲು ನಾನು ಮುಚ್ಚಿಟ್ಟದ್ದು ಹೇಳಿಬಿಡ್ತೀನಿ. ಪ್ರದರ್ಶನದವರ ವಿಷಯ ದೊಡ್ಡದಲ್ಲ ಅಂದಿದ್ದೆ. ದೊಡ್ಡದೇ ಆಗಿತ್ತು. ಹಸ್ತಪ್ರತಿ ಸುಳ್ಳು, ಇದು ಒಬ್ಬ ಫೋಟೋಗ್ರಾಫರ್ ಮುಖ ಅಂತ ಅವರ ಗುಂಪಲ್ಲಿ ಬರೆದೆ. ಪಟಪಟ ಅಂತ ಸ್ಟಿಕರ್ ಬಂದವು. ಯಾವುದು ಹೇಳಿ? ನಿಮ್ಮ ಯಜಮಾನರದ್ದೇ! "ಸಾಕ್ಷಿ ಎಲ್ಲಿ? ಸಾಕ್ಷಿ ಎಲ್ಲಿ?" ಅಂತ. ಜನರ ಫೋನಲ್ಲಿ ಅವರು ಇನ್ನೂ ಇದ್ದಾರೆ ಅಜ್ಜಿ, ಡಿಲೀಟ್ ಆಗಿಲ್ಲ. ನಾನು ಮಾಡಿದ ಅಸ್ತ್ರ ನನ್ನ ಮೇಲೇ. ಅತ್ತುಬಿಟ್ಟೆ. ಆಮೇಲೆ ನಗೂನೂ ಬಂತು. ಅವರು ಕೇಳಿದ್ದು ಸರೀನೇ ಅಲ್ವಾ?

ಹಂಗಾಗಿ ಮೂಲ ಹುಡುಕೋಕೆ ಕೂತೆ. ಆಗ ಫೋಟೋ ತೆಗೆದಿದ್ದು ಅಪ್ಪನ ಹಳೇ ಫೋನಲ್ಲಿ. ಅದು ಸತ್ತು ಡ್ರಾಯರ್‌ನಲ್ಲಿ ಬಿದ್ದಿತ್ತು. ರಿಪೇರಿ ಅಂಗಡಿಯವನು "ಇದನ್ನ ಮ್ಯೂಸಿಯಮ್ಮಿಗೆ ಕೊಡಿ" ಅಂತ ತಮಾಷೆ ಮಾಡಿದ, ಆದ್ರೂ ಜೀವ ಬರಿಸಿಕೊಟ್ಟ. ಪೂರ್ತಿ ಗೋಡೆ ಇದೆ ಅಜ್ಜಿ. ಸ್ಟಿಕರ್‌ಗೆ ಅಂತ ಮುಖ ಮಾತ್ರ ಕತ್ತರಿಸಿಕೊಂಡಿದ್ದೆ. ಅವರ ಭುಜ, ಕೈ, ಕೂತಿರೋ ಸ್ಟೂಲು, ಎಲ್ಲಾ ಇದೆ. ಒಳ್ಳೇ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿ ಸುರುಳಿ ಸುತ್ತಿ ಕಳಿಸಿದ್ದೀನಿ. ಇಂಕಿನ ಬಗ್ಗೆ ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ತಾವೇ ಪಕ್ಕದಲ್ಲಿ ನಿಂತು ಬಣ್ಣ ಸರಿ ಮಾಡಿಸಿದ್ರು.

ಬಲಗಡೆ ಗೋಡೆ ಮೇಲೆ ಒಂದು ಸಣ್ಣ ಚಿತ್ರ ಇದೆ ನೋಡಿ, ತಲೆಕೆಳಗಾಗಿ ನಿಂತ ಒಬ್ಬ ಹೆಂಗಸು. ನಿಮ್ಮ ಪೇಂಟರ್‌ಗೆ ವಿಜ್ಞಾನ ಚೆನ್ನಾಗಿ ಗೊತ್ತಿತ್ತು. ಕತ್ತಲೆಕೋಣೆಗೆ ತೂತಿಂದ ಬರೋ ಚಿತ್ರ ಹಾಗೇ ಉಲ್ಟಾ ಬೀಳೋದು. ಚಿಕ್ಕವಳಿದ್ದಾಗ ನಂಗೆ ಅದು ಗೊತ್ತಿರಲಿಲ್ಲ. ಬಾವಲಿ ಥರ ನೇತಾಡ್ತಿದ್ದಾಳೆ ಅಂತ "ಬಾವಲಿ ಆಂಟಿ" ಅಂತ ಹೆಸರಿಟ್ಟಿದ್ದೆ. ಊಟ ಮಾಡ್ತಾ ಅವಳ ಜೊತೆ ಮಾತಾಡ್ತಿದ್ದೆ ಕೂಡ. ಕೈಯಲ್ಲಿ ಬಕೆಟ್ ಇದೆ. ಆ ಕಾಲದಲ್ಲಿ ನೀರು ಹೊರೋ ಹೆಂಗಸು ಇರಬೇಕು. ಸ್ಟಿಕರ್‌ಗೆ ಅಡ್ಡ ಬರುತ್ತೆ ಅಂತ ಅವಳನ್ನ ಕತ್ತರಿಸಿದ್ದೆ.

ಪ್ರದರ್ಶನದ ದೊಡ್ಡವರೊಬ್ಬರು ಫೋನ್ ಮಾಡಿದ್ರು. ಇದೇ ಪೂರ್ತಿ ಚಿತ್ರವನ್ನ, ನಿಜ ಏನಿದೆಯೋ ಅದನ್ನೇ ಬರೆದು ಹಾಕೋಣ, ಆದ್ರೆ ಮನೆಯವರು ಒಪ್ಪಬೇಕು ಅಂದ್ರು. ನೀವು ಬೇಡ ಅಂದ್ರೆ ಬೇಡ. ಬಾಗಿಲು ಖಾಲಿ ಇರಲಿ. ಈ ಸಲ ಕೇಳಿ ಮಾಡ್ತಿದ್ದೀನಿ.

ನಿಮ್ಮ ಮಗಳು


ಏಪ್ರಿಲ್ 3

ಮಗಳೇ,

ಸುರುಳಿ ಬಂತು. ಊಟದ ಮೇಜಿನ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟೆವು. ಮಗ ಹತ್ತಿರ ಬಗ್ಗಿ ನೋಡಿದ. ಆಮೇಲೆ ಗಡ್ಡದ ಮೇಲೆ ಕೈ ಮುಚ್ಚಿ "ಅಪ್ಪಾ" ಅಂದ.

ನಾನು ಮೊದಲು ಮುಖ ನೋಡಿದೆ. ಆಮೇಲೆ ನೀನು ಹೇಳಿದ ಬಾವಲಿಯನ್ನು ನೋಡೋಣ ಅಂತ ಲೋಟ ಎತ್ತಿ ಕಾಗದ ತಿರುಗಿಸಿದೆ.

ಅದು ಬಕೆಟ್ ಅಲ್ಲ ಮಗಳೇ. ಊಟದ ಡಬ್ಬಿ.

ಉದ್ದ ಜಡೆ ನನ್ನದು. ಒಂದು ಕಾಲು ಸ್ವಲ್ಪ ಮುಂದಿಟ್ಟು ಜಗಳಕ್ಕೆ ನಿಂತಂತೆ ನಿಲ್ಲೋದೂ ನನ್ನದೇ ಅಂತ ಸೊಸೆ ಹೇಳಿದಳು, ಅವಳಿಗೆ ಅನುಭವ ಇದೆ. ಆದರೆ ಮೊಮ್ಮಗ ಹುಬ್ಬೇರಿಸಿದ. ತಾತನ ಹುಬ್ಬೇ ಅದು, ಇಷ್ಟು ದಿನ ನಾನು ಗಮನಿಸಿರಲಿಲ್ಲ. "ಅಜ್ಜಿ, ನೀವು ಡಬ್ಬಿ ಬಲಗೈಲಿ ಹಿಡಿಯೋದು. ಇವಳ ಎಡಗೈಲಿದೆ. ಸಾಕ್ಷಿ ಎಲ್ಲಿ?"

ಸರಿ, ನೋಡೇಬಿಡೋಣ ಅಂದೆ. ಮುಂದಿನ ಕೋಣೆ ಕಿಟಕಿಗೆಲ್ಲ ರಟ್ಟು ಕಟ್ಟಿ, ಒಂದರಲ್ಲಿ ಸಣ್ಣ ತೂತು ಮಾಡಿದೆವು. ಸೊಸೆಯನ್ನು ಬಲಗೈಗೆ ಡಬ್ಬಿ ಕೊಟ್ಟು ಬೀದಿಯ ಬಿಸಿಲಲ್ಲಿ ನಿಲ್ಲಿಸಿದೆವು. "ಹೋಗೋರು ಬರೋರೆಲ್ಲ ನೋಡ್ತಿದ್ದಾರೆ, ಬೇಗ ಮುಗಿಸಿ" ಅಂತ ಹೊರಗಿಂದ ಕೂಗ್ತಿದ್ದಳು. ಒಳಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳೋವರೆಗೆ ಏನೂ ಇಲ್ಲ. ಆಮೇಲೆ ಎದುರು ಗೋಡೆ ಮೇಲೆ ನಿಧಾನಕ್ಕೆ ಬೀದಿ ಬಂತು. ಅದರಲ್ಲಿ ನನ್ನ ಸೊಸೆ, ತಲೆಕೆಳಗಾಗಿ, ಸಿಟ್ಟಿನಲ್ಲೇ. ಮೊಮ್ಮಗ ಅದರ ಫೋಟೋ ತೆಗೆದು ಫೋನ್ ತಿರುಗಿಸಿದ. ಡಬ್ಬಿ ಎಡಗೈಲಿತ್ತು, ಕನ್ನಡಿಯಲ್ಲಿ ಕಂಡ ಹಾಗೆ.

ಪೇಂಟರ್ ಮನಸ್ಸಿನಿಂದ ಬರೆದಿದ್ದರೆ ಬಲಗೈಗೇ ಕೊಡ್ತಿದ್ದ. ಅವನು ಸ್ಟುಡಿಯೋ ಗೋಡೆ ಮೇಲೆ ಬಿದ್ದದ್ದನ್ನು ನೋಡಿ ಬರೆದದ್ದು. ನಿನ್ನ ಪಂಡಿತರು ಹೇಗೆ ಮಾಡಿದ್ದರು ಅಂತ ತೋರಿಸೋಕೆ ಇವರು ಸ್ಟುಡಿಯೋ ಬಾಗಿಲಲ್ಲಿ ತೂತು ಮಾಡಿ, ಕತ್ತಲೆ ಮಾಡಿಕೊಂಡು, ಇಬ್ಬರೂ ಕೂತು ನಾನು ಬರೋದನ್ನೇ ಕಾಯ್ತಿದ್ದರು.

ಅವರ ಕಣ್ಣು ಗೋಡೆ ಮೇಲೆ ಬೇರೇನೋ ನೋಡ್ತಿತ್ತು, ತುಂಬಾ ಇಷ್ಟ ಆಗಿರೋದನ್ನ ನೋಡೋ ಥರ ಅಂತ ನೀನು ಬರೆದಿದ್ದೆ. ಆ ಕಾಗದ ಮತ್ತೆ ತೆಗೆದು ಆ ಸಾಲು ಓದಿದೆ. ಹಟ ಮಾಡದೆ ಅವತ್ತೇ ಹೋಗಿ ನೋಡಿದ್ದರೆ ಅವರ ಎದುರಿಗೇ ನಗಬಹುದಿತ್ತು. ಹೋಗಲಿ. ನಾನು ಹೋಗದ ಕಡೆ ನೀನು ಕೂತಿದ್ದೆಯಲ್ಲ, ನನ್ನ ಜೊತೆ ಊಟ ಮಾಡ್ತಾ.

ಚಿತ್ರ ಹಾಕಿ. ಒಪ್ಪಿಗೆ ಇದೆ. ಕೆಳಗೆ ಹೀಗೆ ಬರಿ: ಆ ಪಂಡಿತರ ಮುಖ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಇಲ್ಲಿ ಕೂತಿರುವವರು ಒಬ್ಬ ಫೋಟೋಗ್ರಾಫರ್. ಗೋಡೆ ಮೇಲೆ ಕಾಣುತ್ತಿರುವುದು ಅವರ ಹೆಂಡತಿ, ಊಟ ತರುತ್ತಿದ್ದಾಳೆ. ಸ್ಟಿಕರೂ ಮತ್ತೆ ಬಿಡು. ಮಗ ಪಾತ್ರೆ ತೊಳೆದೆ ಅಂತ ಇನ್ನೂ ಹೇಳ್ತಾನೇ ಇದ್ದಾನೆ.

ಕತ್ತಲೆಯಲ್ಲಿ ಇನ್ನೊಂದು ಕಂಡೆ. ಸೊಸೆ ನಿಂತು ನಿಂತು ಬೇಜಾರಾಗಿ ಡಬ್ಬಿ ಹಿಡಿದು ವಾಪಸ್ ಹೊರಟಳು. ಗೋಡೆ ಮೇಲೆ ಅವಳು ದೊಡ್ಡದಾಗ್ತಾ, ದೊಡ್ಡದಾಗ್ತಾ ಹತ್ತಿರ ಬಂದಳು. ನಾನು ಎದ್ದು ಹೋಗಿ, ಅವಳು ಕೈ ಎತ್ತೋ ಮೊದಲೇ ಬಾಗಿಲು ತೆಗೆದೆ. "ನಾನು ಬಂದದ್ದು ಹೇಗೆ ಗೊತ್ತಾಯ್ತು ಅತ್ತೆ?" ಅಂದಳು.

"ಗೊತ್ತಾಗುತ್ತೆ" ಅಂದೆ.

ಇಂತಿ ನಿನ್ನ,
ಬಾವಲಿ ಆಂಟಿ